ಪಕ್ಕದ ಮನೆಯ ಹುಳ, ಮೇಷ್ಟ್ರ ಮನೆಯ ಮಾಳಿಗೆ

ಹಳೆ ಮನೆ ರಿಪೇರಿಗೆ ಒಪ್ಪಿಕೊಳ್ಳುವವರೆಲ್ಲ ಮೊದಲು ತಲೆ ಎತ್ತಿ ಮಾಳಿಗೆ ನೋಡುತ್ತಾರೆ, ಆಮೇಲೆ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಈಗ ನನ್ನನ್ನು ಕೇಳಿದರೆ, ಅದೆಲ್ಲ ಆಮೇಲೆ. ಮೊದಲು ಪಕ್ಕದ ಮನೆಗೆ ಹೋಗಿ ಒಂದು ಲೋಟ ನೀರು ಕೇಳಿ. ನೀರು ತರಲು ಒಳಗೆ ಹೋಗುವವರು ಬಾಗಿಲನ್ನು ಹಾಗೇ ಬಿಟ್ಟು ಹೋಗುತ್ತಾರೋ, ಎಳೆದುಕೊಂಡು ಹೋಗುತ್ತಾರೋ ನೋಡಿ. ಎಳೆದುಕೊಂಡರೆ ಒಳಗೆ ರೇಷ್ಮೆ ಹುಳ ಇದೆ ಎಂದು ತಿಳಿಯಿರಿ. ಈ ಬುದ್ಧಿ ನನಗೆ ಬಂದದ್ದು ಕೆಂಚಾರ್ಲಹಳ್ಳಿ ಕಡೆಯ ಒಂದು ಊರಿನಲ್ಲಿ, ಅರ್ಧ ಬಿಚ್ಚಿದ ಮಾಳಿಗೆಯ ಕೆಳಗೆ ಕೂತು ಮೋಡ ನೋಡುತ್ತಿದ್ದಾಗ.

ಮನೆ ಒಬ್ಬ ನಿವೃತ್ತ ಮೇಷ್ಟ್ರದ್ದು. ಅವರ ತಾತನ ಕಾಲದ ಬೇಸಾಯದ ಮನೆ. ಮುಂದೆ ಜಗಲಿ, ಒಳಗೆ ದೊಡ್ಡ ಪಡಸಾಲೆ, ಹಿಂದೆ ಅಡುಗೆಮನೆ, ಕಾಳಿನ ಕೋಣೆ, ಬಾಣಂತಿ ಕೋಣೆ. ಗೋಡೆಗಳು ತುಳಿದ ಮಣ್ಣಿನವು, ಮೊಳಕ್ಕಿಂತ ದಪ್ಪ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಬಿದಿರಿನ ತಡಿಕೆ, ಎಲ್ಲದರ ಮೇಲೆ ಮಣ್ಣು. ಸೋರಿದಾಗಲೆಲ್ಲ ಇನ್ನೊಂದು ಪದರ ಮಣ್ಣು ಹಾಕುತ್ತಾ ಬಂದಿದ್ದರಿಂದ ಮಾಳಿಗೆ ಹೊರಲಾರದ ತೂಕವಾಗಿತ್ತು. ಹಿಂಬದಿಯ ತೊಲೆಗಳು ಹಗ್ಗದ ಮಂಚದ ಹಾಗೆ ಜಗ್ಗಿದ್ದವು.

ಮೇಷ್ಟ್ರ ಇಬ್ಬರು ತಮ್ಮಂದಿರು ಚಿಕ್ಕಬಳ್ಳಾಪುರದಲ್ಲಿ ನೌಕರಿಯಲ್ಲಿದ್ದವರು. ಮನೆ ಕೆಡವಿ ಜಾಗ ಹಂಚಿಕೊಳ್ಳೋಣ ಎನ್ನುವುದು ಅವರ ಮಾತು. ಊರಿನ ಮಹಿಳಾ ಸಂಘಕ್ಕೆ ಕೊಡೋಣ, ಮಕ್ಕಳು ಸಾಯಂಕಾಲ ಕೂತು ಓದಲಿ, ಮನೆಯಲ್ಲಿ ಜಾಗ ಇಲ್ಲದವರು ನಾಮಕರಣ, ನಿಶ್ಚಿತಾರ್ಥ ಇಲ್ಲೇ ಮಾಡಲಿ ಎನ್ನುವುದು ಮೇಷ್ಟ್ರ ಹಟ. ಕೊನೆಗೆ ಒಂದು ರಾಜಿ ಆಯಿತು: ರಿಪೇರಿ ಆಗಿ ಮನೆ ನಿಂತರೆ ಸಂಘಕ್ಕೆ, ನಿಲ್ಲದಿದ್ದರೆ ಪಾಲಿಗೆ.

ನಾನು ಚಿಂತಾಮಣಿಯವಳು. ಒಂದು ಕಾಲದಲ್ಲಿ ತಲೆಯ ಮೇಲೆ ಗಾರೆ ಬಾಂಡ್ಲಿ ಹೊತ್ತವಳು, ಈಗ ಹೊರುವವರನ್ನು ಕರೆದೊಯ್ಯುವವಳು. ಮೇಸ್ತ್ರಮ್ಮ ಎನ್ನುತ್ತಾರೆ. ಮೇಷ್ಟ್ರ ಜೊತೆ ಜಗಲಿಯ ಮೇಲೆ ಕೂತು ಅರ್ಧ ದಿನ ಚೌಕಾಸಿ ಮಾಡಿದೆ. ಕೂಲಿಯಲ್ಲಿ ಸ್ವಲ್ಪ ಇಳಿದೆ, ಆದರೆ ಆಳುಗಳ ಮಧ್ಯಾಹ್ನದ ಮುದ್ದೆ ಸಾರು ಸಂಘದ್ದೇ ಎಂದು ಒಪ್ಪಿಸಿದೆ. ಇದನ್ನು ಯಾರು ಬೇಕಾದರೂ ಕಲಿಯಬಹುದು: ಕೂಲಿಯಲ್ಲಿ ಬಿಟ್ಟುಕೊಟ್ಟು ಊಟದಲ್ಲಿ ಗೆಲ್ಲಿ. ಹೊಟ್ಟೆ ತುಂಬಿದ ಆಳು ಊಟಕ್ಕೆಂದು ಹೋಗಿ ಮಾಯವಾಗುವುದಿಲ್ಲ.

ಹಳೆ ಕಟ್ಟಡ ಬಲ್ಲ ಒಬ್ಬ ಇಂಜಿನಿಯರ್ ಬಂದು ನೋಡಿ ಹೋಗಿದ್ದರು. ಮಾಳಿಗೆಯ ಮಣ್ಣೆಲ್ಲ ಇಳಿಸಿ, ಗೆದ್ದಲು ತಿಂದ ಜಂತೆ ಬದಲಿಸಿ, ಮತ್ತೆ ತೆಳ್ಳಗೆ ಮಣ್ಣು ಹಾಕಿ ಮೇಲೆ ಸುಣ್ಣದ ಗಾರೆ. ಸಿಮೆಂಟು ಮುಟ್ಟಬಾರದು. ಎಲ್ಲಕ್ಕಿಂತ ಮುಖ್ಯ ಹಿಂದಿನ ಗೋಡೆ. ಮನೆಯಲ್ಲಿ ಮೊದಲು ಎದ್ದ ಗೋಡೆ ಅದೇ, ಒಂದು ಬಿರುಕಿಲ್ಲ, ಅದು ಹೋದರೆ ಮನೆಯ ಅರ್ಧ ಹೋದ ಹಾಗೆ ಎಂದರು. ಮಣ್ಣಿನ ಗೋಡೆಗೆ ತಲೆ ಮೇಲಿನ ಹೊದಿಕೆಯೇ ಪ್ರಾಣ. ಅದನ್ನು ತೆಗೆದ ಮೇಲೆ ಮಳೆಗೆ ಮೊದಲು ಮುಚ್ಚಲೇಬೇಕು. ಬೇಸಿಗೆ ಇನ್ನೂ ಸಾಕಷ್ಟಿತ್ತು. ನನಗೆ ಹೆದರಿಕೆ ಇರಲಿಲ್ಲ.

ಕೆಲಸಕ್ಕೆ ಮೊದಲು ಬೀದಿಯ ಪ್ರತಿ ಮನೆಯ ಮುಂದೆ ನಿಂತು ಕೇಳಿದೆ. "ನಾಳೆಯಿಂದ ದೂಳೇಳ್ತದೆ. ಮನೇಲಿ ಹುಳ ಗಿಳ ಇದ್ಯೇನಮ್ಮ?" ಎಲ್ಲರದ್ದೂ ಒಂದೇ ಉತ್ತರ. "ಏನಿಲ್ಲ ಬಿಡಿ ಮೇಸ್ತ್ರಮ್ಮ." ಸರಿ, ದಾರಿ ಸುಸೂತ್ರ ಎಂದುಕೊಂಡೆ.

ಹಿಂಬದಿಯಿಂದ ಶುರು ಮಾಡಿದೆವು. ಗುದ್ದಲಿ ಇಳಿದದ್ದೇ ತಡ, ಮಣ್ಣು ಒಲೆಯ ಬೂದಿಯ ಹಾಗೆ ಎದ್ದು ಗಾಳಿಗೆ ತಿರುಗಿತು. ಮಧ್ಯಾಹ್ನದೊಳಗೆ ಹಿಂದಿನ ಮಾಳಿಗೆಯ ಅರ್ಧ ಮಣ್ಣು ಇಳಿಯಿತು. ಗೋಡೆಯ ತಲೆ ಬಿಸಿಲಿಗೆ ಬಿತ್ತು. ಆಗ ಪಕ್ಕದ ಮನೆಯಾಕೆ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಓಡಿ ಬಂದಳು. ನನಗಿಂತ ಚಿಕ್ಕವಳು, ಕೈಯಲ್ಲಿ ಇನ್ನೂ ರೇಷ್ಮೆ ಸೊಪ್ಪಿನ ಕಡ್ಡಿ.

"ನಿಲ್ಸ್ರಪ್ಪಾ! ನಿಲ್ಸಿ ಅಂದ್ರೆ! ಕಿಟಕಿ ತುಂಬ ದೂಳು!"

"ಏನಾಯ್ತಮ್ಮ?"

"ಏನಾಯ್ತಾ? ಒಳಗೆ ಮೂರನೇ ಜ್ವರದಿಂದ ಎದ್ದಿರೋ ಹುಳ ಐತೆ!"

ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆ ಎತ್ತಿ ಅಲುಗಾಡದೆ ಕೂರುತ್ತದೆ. ಅದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದ ಮೇಲೆ ಹುಳ ಹಣ್ಣಾಗಿ ಗೂಡು ಕಟ್ಟುತ್ತದೆ. ಅಷ್ಟು ನನಗೂ ಗೊತ್ತಿತ್ತು.

"ನಿನ್ನೆ ನಿಮ್ಮ ಬಾಗ್ಲಲ್ಲೇ ನಿಂತು ಕೇಳಿದ್ನಲ್ಲಮ್ಮ. ಏನಿಲ್ಲ ಅಂದ್ರಿ?"

"ಕೇಳಿದೋರ್ಗೆಲ್ಲ ಹುಳ ಐತೆ ಅಂತ ಯಾರಾದ್ರೂ ಹೇಳ್ತಾರಾ? ದೃಷ್ಟಿ ತಗಲಲ್ವಾ? ನೀವೇನು ಚಿಂತಾಮಣಿಯಿಂದ ಬಂದ್ರೋ ದುಬೈಯಿಂದ ಬಂದ್ರೋ?"

ಆಳುಗಳು ಮೇಲಿನಿಂದ ನಕ್ಕರು. ನನಗೆ ನಗು ಬರಲಿಲ್ಲ. ಆ ಬೀದಿಯಲ್ಲಿ ಗೂಡು ಶಿಡ್ಲಘಟ್ಟದ ಮಾರುಕಟ್ಟೆ ಸೇರುವವರೆಗೆ ಹುಳ ಇದೆ ಎಂದು ಯಾರೂ ಬಾಯಿ ಬಿಡುವುದಿಲ್ಲವಂತೆ. ಹೊರಗಿನವರಿಗಂತೂ ಇಲ್ಲವೇ ಇಲ್ಲ. ಅವರೆಲ್ಲ "ಏನಿಲ್ಲ" ಅಂದದ್ದು ನನ್ನನ್ನು ಮೋಸ ಮಾಡಲಿಕ್ಕಲ್ಲ, ಹುಳವನ್ನು ಕಾಯಲಿಕ್ಕೆ.

ಅಷ್ಟರಲ್ಲಿ ಆಕೆಯ ಅತ್ತೆ ಹೊರಗೆ ಬಂದು ಮಾಳಿಗೆಯ ಕಡೆ ಕೈ ತೋರಿಸಿ ತೆಲುಗಿನಲ್ಲಿ "ಆ ದುಮ್ಮು ಮಂಚಿದಿ ಕಾದಮ್ಮಾ" ಎಂದರು. ಆ ದೂಳು ಒಳ್ಳೆಯದಲ್ಲ. ಹಿಂದೆ ಮೇಷ್ಟ್ರ ತಾಯಿ ಇದೇ ಮನೆಯಲ್ಲಿ ಹುಳ ಸಾಕುತ್ತಿದ್ದರಂತೆ. ಒಂದು ಬೆಳೆಗೆ ಸುಣ್ಣಕಟ್ಟು ರೋಗ ಬಂದು ತಟ್ಟೆ ತಟ್ಟೆ ಹುಳ ಬಳಪದ ತುಂಡಿನ ಹಾಗೆ ಬೆಳ್ಳಗೆ ಸೆಟೆದು ಸತ್ತಿದ್ದವಂತೆ. ಆ ರೋಗ ದೂಳಿನಲ್ಲಿ ಕೂತಿರುತ್ತದೆ ಎನ್ನುವುದು ಅವರ ನಂಬಿಕೆ. ಇಂಜಿನಿಯರಿಗೆ ಫೋನ್ ಮಾಡಿದೆ. "ಇಷ್ಟು ವರ್ಷ ಆದ್ಮೇಲೆ ಇರೋ ಚಾನ್ಸ್ ಕಮ್ಮಿ" ಎಂದರು. "ಕಮ್ಮಿಯೋ, ಇಲ್ಲವೇ ಇಲ್ಲವೋ?" ಎಂದೆ. ಅವರು "ಇಲ್ಲವೇ ಇಲ್ಲ ಅಂತ ಹೆಂಗೆ ಹೇಳ್ಲಿ ಮೇಡಂ" ಎಂದರು.

ಕೆಲಸ ನಿಲ್ಲಿಸಿದೆ. ನಿಲ್ಲಿಸಿ ದಾರಿ ಹುಡುಕಿದೆ. ಮಣ್ಣಿಗೆ ನೀರು ಚಿಮುಕಿಸಿ ಇಳಿಸೋಣ ಎಂದು ನಾಲ್ಕು ಬಿಂದಿಗೆ ಸುರಿಸಿದೆ. ತೊಲೆ ಕಿರ್ ಎಂದಿತು. ಒದ್ದೆ ಮಣ್ಣು ಎಷ್ಟು ತೂಗುತ್ತದೆ ಎಂದು ಗಾರೆ ಹೊತ್ತವಳಿಗೆ ಬೇರೆಯವರು ಹೇಳಬೇಕಾಗಿಲ್ಲ, ಬಿಂದಿಗೆ ಕೆಳಗಿಡಿಸಿದೆ. ಎರಡು ಮನೆಗಳ ನಡುವೆ ಒದ್ದೆ ಗೋಣಿ ಕಟ್ಟಿಸಿದೆ. ದೂಳು ಗೋಣಿಯ ಮೇಲಿಂದ ಹಾಯಾಗಿ ಹಾದು ಹೋಯಿತು. ಹುಳವನ್ನೇ ಸಂಘದ ಅಧ್ಯಕ್ಷೆಯ ಮನೆಗೆ ಸಾಗಿಸೋಣ ಎಂದೆ. ಅಧ್ಯಕ್ಷೆ ಡಿಗ್ರಿ ಓದಿದ ಹುಡುಗಿ, ಚುರುಕಿನವಳು. ಅವಳೇ ತಲೆ ಅಲ್ಲಾಡಿಸಿದಳು. "ಅಕ್ಕ, ಈ ಹಂತದಲ್ಲಿ ಜಾಗ ಬದಲಾಯ್ಸಿದ್ರೆ ಹುಳ ಸೊಪ್ಪು ಮುಟ್ಟಲ್ಲ. ನಮ್ಮನೇಲೂ ಬೇರೆ ಹುಳ ಐತೆ. ಯಾರ್ಗೂ ಹೇಳ್ಬೇಡಿ."

ಉಳಿದದ್ದು ನನಗೆ ಗೊತ್ತಿರುವ ಒಂದೇ ದಾರಿ. ಪಕ್ಕದ ಮನೆಯಾಕೆಯ ಮೆಟ್ಟಿಲ ಮೇಲೆ ಕೂತು ಹೇಳಿದೆ. "ನೋಡು ತಂಗಿ, ನಿನ್ನ ಬೆಳೆನೇ ನಾನು ತಗೋತೀನಿ. ಗೂಡಾದ್ರೆ ಎಷ್ಟು ಬರ್ತಿತ್ತು ಅಂತ ನೀನೇ ಹೇಳು."

ಅವಳು ಸೊಪ್ಪು ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಎರಡು ಬೆಳೆ ಹೋಗೈತಕ್ಕ ನಂದು, ಒಂದರ ಹಿಂದೆ ಒಂದು. ಇದೂ ಹೋದ್ರೆ ನನ್ನ ಕೈಗುಣ ಸರಿಯಿಲ್ಲ ಅಂತಾರೆ. ಆಮೇಲೆ ನಮ್ಮತ್ತೆ ಸೊಪ್ಪು ಮುಟ್ಟೋಕೂ ಬಿಡಲ್ಲ. ನಿಮ್ಮ ದುಡ್ಡು ತೋರ್ಸಿ ಕೈಗುಣ ಐತೆ ಅಂತ ಹೇಳ್ಲಾ ನಾನು?"

ಎದ್ದು ಬಂದೆ. ಕಲ್ಲು, ಮರಳು, ಮರ, ಆಳು, ಯಾವುದಕ್ಕೂ ಒಂದು ಬೆಲೆ ಇರುತ್ತದೆ, ಅದನ್ನು ಮೊದಲು ಯಾರು ಬಾಯಿಬಿಟ್ಟು ಹೇಳುತ್ತಾರೋ ಅವರು ಸೋಲುತ್ತಾರೆ. ಇದನ್ನೇ ನಂಬಿ ಬದುಕಿದವಳು ನಾನು. ಇಲ್ಲಿ ಎದುರಿನವರ ಬಾಯಿಂದ ಬೆಲೆಯೇ ಬರಲಿಲ್ಲ.

ಕಾಯುವುದೊಂದೇ ಉಳಿಯಿತು. ಚಿಂತಾಮಣಿಯ ತರಕಾರಿ ಮಂಡಿಯಿಂದ ಹಳೆ ಟಾರ್ಪಾಲು ತರಿಸಿ ಮಾಳಿಗೆಗೆ ಹೊದಿಸಿದೆ. ಆಳುಗಳನ್ನು ಖಾಲಿ ಕೂರಿಸಿಕೊಳ್ಳಲಾಗುವುದಿಲ್ಲ, ಶಿಡ್ಲಘಟ್ಟದ ಒಂದು ಕೆಲಸಕ್ಕೆ ಕಳಿಸಿದೆ. ನಾನು ಮಾತ್ರ ದಿನಾ ಬಸ್ಸಿಳಿದು ಬಂದು ಜಗಲಿಯ ಮೇಲೆ ಕೂರುತ್ತಿದ್ದೆ. ಮೇಷ್ಟ್ರೂ ಬಂದು ಕೂರುತ್ತಿದ್ದರು. ಪಕ್ಕದ ಮನೆಯೊಳಗೆ ಹುಳ ಸೊಪ್ಪು ತಿನ್ನುವ ಸದ್ದು ಸಣ್ಣ ಹನಿಯ ಮಳೆಯಂತೆ ಕೇಳುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ನಾನು ಬೆಚ್ಚಿ ಮೋಡ ನೋಡುತ್ತಿದ್ದೆ.

"ಇನ್ನೊಂದು ಜ್ವರ ಕಳೀಲಿ ಕಣಮ್ಮ" ಎನ್ನುತ್ತಿದ್ದರು ಮೇಷ್ಟ್ರು, ಮನೆಯಲ್ಲಿ ಮಗುವಿಗೆ ಕಾಯಿಲೆ ಎನ್ನುವ ಹಾಗೆ.

"ಇವಳದ್ದು ಕಳೆದ್ರೆ ಎದುರುಮನೆಯೋರದ್ದು ಶುರುವಾಗ್ತದೆ ಮೇಷ್ಟ್ರೇ."

"ಶುರುವಾದ್ರೆ ಏನ್ಮಾಡೋದು?"

"ನನ್ನನ್ನ ಕೇಳ್ತೀರಲ್ಲ."

ಅಧ್ಯಕ್ಷೆ ಮನೆ ಮನೆ ತಿರುಗಿ ಎಲ್ಲರೂ ಒಂದೇ ಸಲ ಮರಿಹುಳ ತರೋಣ, ಒಂದೇ ಸಲ ಗೂಡು ಬಿಡಿಸೋಣ, ನಡುವೆ ನಾಲ್ಕು ದಿನ ಬೀದಿ ಖಾಲಿ ಸಿಗಲಿ ಎಂದು ಕೇಳಿಕೊಂಡಳು. ಎಲ್ಲರೂ ಒಪ್ಪಿದರು, ಮುಂದಿನ ಬೆಳೆಯಿಂದ. ಈಗ ತಟ್ಟೆಯಲ್ಲಿರುವ ಹುಳವನ್ನು ಯಾರು ಏನು ಮಾಡಲು ಸಾಧ್ಯ?

ಮಳೆ ಅಷ್ಟು ಬೇಗ ಬರಬಾರದಾಗಿತ್ತು. ಬಂತು. ಸಂಜೆ ಗಾಳಿ ಎದ್ದು ಟಾರ್ಪಾಲನ್ನು ಹಿಂಬದಿಯ ಅಂಚಿನಲ್ಲಿ ಸೀಳಿ ಹಾಕಿತು. ಮರುದಿನ ನಾನು ಬರುವಷ್ಟರಲ್ಲಿ ಆ ಅಂಚಿನ ಮಣ್ಣು ನೀರು ಕುಡಿದು ಕಪ್ಪಗೆ ಕೂತಿತ್ತು. ನೀರು ಗೋಡೆಯ ತಲೆಯೊಳಕ್ಕೆ ಬಸಿಯುತ್ತಿತ್ತು. ಹಿತ್ತಲಿಗೆ ಹೋಗಿ ನೋಡಿದೆ. ಒಂದು ಬಿರುಕಿಲ್ಲದ ಗೋಡೆ ನಡುವೆ ಹೊಟ್ಟೆ ಬಿಟ್ಟಿತ್ತು. ಅಂಗೈ ಇಟ್ಟೆ, ಮೆತ್ತಗಿತ್ತು.

ಇಂಜಿನಿಯರಿಗೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು. "ಮೇಲಿನ ಒದ್ದೆ ಮಣ್ಣು ಈಗಲೇ ತೆಗೀರಿ ಮೇಡಂ. ನೀರು ಇಳಿಯೋದು ನಿಂತ್ರೆ ಗೋಡೆ ಉಳಿಯತ್ತೆ. ಹೊರಗಡೆಯಿಂದ ಮರ ಆನಿಸಿ ಊರೆ ಕೊಡಿ. ಸಾಯಂಕಾಲ ತನಕ ಕಾಯ್ಬೇಡಿ." ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆದರೆ ಒದ್ದೆ ಮಣ್ಣಿನ ಮೇಲೆ ಒರಗಿಕೊಂಡಿದ್ದದ್ದು ಉಳಿದ ಅರ್ಧದ ರಾಶಿ, ಟಾರ್ಪಾಲಿನ ಅಡಿಯಲ್ಲಿ ಹನಿಯೂ ತಾಗದೆ ಉಳಿದ ಒಣ ದೂಳು. ಅದನ್ನು ಮೊದಲು ಕೆಳಗೆ ತಳ್ಳದೆ ಒದ್ದೆಯದಕ್ಕೆ ಕೈ ಹಾಕುವಂತಿರಲಿಲ್ಲ. ಬುಟ್ಟಿಯಲ್ಲಿ ಒಂದೊಂದಾಗಿ ಇಳಿಸುವಷ್ಟು ಹೊತ್ತೂ ಇರಲಿಲ್ಲ.

ಮತ್ತು ಅವತ್ತು ಪಕ್ಕದ ಮನೆಯಲ್ಲಿ ಹುಳ ಹಣ್ಣಾಗಿತ್ತು. ಬೆಳಿಗ್ಗೆಯಿಂದ ಆಕೆ, ಅತ್ತೆ, ಬೀದಿಯ ಇನ್ನಿಬ್ಬರು ಹೆಂಗಸರು ಹಣ್ಣು ಹುಳವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದರು. ಬಿದಿರಿನ ಆ ಚಾಪೆಯ ಸುರುಳಿಗಳಲ್ಲಿ ಹುಳ ತಲೆ ಆಡಿಸುತ್ತಾ ನೂಲು ಬಿಡಲು ಶುರು ಮಾಡಿತ್ತು. ಚಂದ್ರಿಕೆಗೆ ಗಾಳಿ ಬೇಕು, ಕಿಟಕಿ ಮುಚ್ಚುವಂತಿಲ್ಲ. ಕಿಟಕಿ ಇದ್ದದ್ದು ನಮ್ಮ ಮಾಳಿಗೆಯ ಕಡೆಗೆ.

ಸುದ್ದಿ ತಿಳಿದು ಅವಳು ಹೊರಗೆ ಬಂದಳು. ಈ ಸಲ ಕೂಗಾಡಲಿಲ್ಲ. ಬಾಗಿಲಲ್ಲಿ ನಿಂತು ಗೋಡೆ ನೋಡಿದಳು, ಮೇಷ್ಟ್ರನ್ನು ನೋಡಿದಳು.

"ನಾನೇನೂ ಹೇಳಲ್ಲಕ್ಕ" ಎಂದಳು. "ನಿಮ್ಮಿಷ್ಟ." ಒಳಗೆ ಹೋದಳು.

ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನೂ ಕೂಗುತ್ತಿದ್ದೆ.

"ಮೇಷ್ಟ್ರೇ, ನೀವು ಹೇಳಿ" ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಬಾಣಂತಿ ಕೋಣೆ ಆ ಗೋಡೆಗೇ ಅಂಟಿಕೊಂಡಿತ್ತು, ಅವರು ಹುಟ್ಟಿದ್ದು ಅಲ್ಲಿ. ಗೋಡೆ ಹೋದರೆ ತಮ್ಮಂದಿರು ಏನೆನ್ನುತ್ತಾರೆ ಎಂಬುದೂ ಅವರಿಗೆ ಗೊತ್ತಿತ್ತು. "ನಂಗೆ ತಿಳೀತಿಲ್ಲ ಕಣಮ್ಮ" ಎಂದರು. ಅಧ್ಯಕ್ಷೆ ತಲೆ ತಗ್ಗಿಸಿ ನಿಂತಿದ್ದಳು. ಅವಳಿಗೆ ಮನೆಯೂ ಬೇಕು, ಬೀದಿಯೂ ಬೇಕು.

ಮೇಲೆ ಮತ್ತೆ ಮೋಡ ಕೂಡುತ್ತಿತ್ತು. ಯಾರೂ ಹೇಳದಿದ್ದಾಗ ಕೆಲಸ ಹಿಡಿದವರು ಹೇಳಬೇಕು. "ಮಣ್ಣು ಮುಟ್ಟೋದು ಬೇಡ" ಎಂದೆ. "ಗೋಡೆ ಬಿಡೋಣ. ಮಾಳಿಗೆ ಕುಸಿದು ದೂಳೇಳ್ದಂಗೆ ನೋಡ್ಕೊಳ್ಳೋಣ."

ಮೇಷ್ಟ್ರ ಹೊಲದಲ್ಲಿ ಎಂದೋ ಕೈಬಿಟ್ಟ ದ್ರಾಕ್ಷಿ ಚಪ್ಪರವೊಂದಿತ್ತು. ಅದರ ಕಲ್ಲುಕಂಬಗಳನ್ನು ಟ್ರ್ಯಾಕ್ಟರಿನಲ್ಲಿ ತರಿಸಿದೆ. ಶಿಡ್ಲಘಟ್ಟದಿಂದ ನಾಲ್ವರು ಗಟ್ಟಿ ಆಳುಗಳು ಬೈಕಿನಲ್ಲಿ ಬಂದರು. ಒಳಗಡೆ, ಗೋಡೆಯಿಂದ ಎರಡು ಹೆಜ್ಜೆ ಈಚೆಗೆ, ಪ್ರತಿ ತೊಲೆಯ ಕೆಳಗೆ ಒಂದೊಂದು ಕಂಬ ನಿಲ್ಲಿಸಿ ಸಂದಿಗೆ ಮರದ ಬೆಣೆ ಕೊಟ್ಟೆವು. ಬೆಣೆ ಹೊಡೆಯುವಾಗ ಸುತ್ತಿಗೆಗೆ ಗೋಣಿ ಸುತ್ತಿಸಿದೆ, ಮೇಲಿನ ಮಣ್ಣು ಅದುರಿ ಉದುರಬಾರದು ಎಂದು. ಇಂಥ ಕೆಲಸ ಮಾಡುವವರಿಗೆ ಒಂದು ಮಾತು: ಕಂಬದ ತಳಕ್ಕೆ ಚಪ್ಪಡಿ ಇಡದೆ ತೂಕ ಹೊರಿಸಬೇಡಿ, ಹಳೆ ಮನೆಯ ನೆಲ ಒಳಗೊಳಗೇ ಟೊಳ್ಳಾಗಿರುತ್ತದೆ. ಎಲ್ಲ ತೊಲೆಯೂ ಕಂಬದ ಮೇಲೆ ಕೂತ ಮೇಲೆ ಎಲ್ಲರನ್ನೂ ಹೊರಗೆ ಕಳಿಸಿ ನಾನೂ ಬಂದೆ.

ಮಳೆ ಶುರುವಾಯಿತು. ಹಿತ್ತಲಿನ ಹುಣಸೆ ಮರದ ಕೆಳಗೆ ನಿಂತು ನೋಡಿದೆವು. ಗೋಡೆ ಬಿತ್ತು ಎನ್ನಲಾಗುವುದಿಲ್ಲ. ಮೊದಲು ಹೊಟ್ಟೆ ಇನ್ನೂ ದಪ್ಪವಾಯಿತು, ಆಮೇಲೆ ಬುಡ ಜಾರಿತು, ಆಮೇಲೆ ಅಷ್ಟುದ್ದ ಗೋಡೆ ಸುಸ್ತಾದವರು ಕೂತ ಹಾಗೆ ಹಿತ್ತಲಿಗೆ ಕೂತುಬಿಟ್ಟಿತು. ಸದ್ದು ದೊಡ್ಡದೇನಲ್ಲ. ಒಂದು ಚಿಟಿಕೆ ದೂಳು ಏಳಲಿಲ್ಲ. ಮಾಳಿಗೆ ಕಲ್ಲುಕಂಬಗಳ ಮೇಲೆ ನಿಂತಿತ್ತು. ಬಾಣಂತಿ ಕೋಣೆಯ ಒಳಗು, ಅದರ ಹೊಗೆ ಹಿಡಿದ ಗೂಟ, ದೀಪದ ಗೂಡು, ಎಲ್ಲ ಹೊರಗಿನಿಂದ ಕಾಣುತ್ತಿತ್ತು. ಮೇಷ್ಟ್ರು ಛತ್ರಿ ಮಡಚಿಕೊಂಡು ಮಳೆಯಲ್ಲೇ ನಡೆದು ಹೋದರು.

ಇಂಜಿನಿಯರ್ ಸಂಜೆ ಫೋಟೋ ನೋಡಿ, "ಗೋಡೆ ಉಳೀತಿತ್ತು ಮೇಡಂ" ಎಂದರಷ್ಟೇ. ಹೌದು, ಉಳಿಯುತ್ತಿತ್ತು.

ಮಳೆ ಬಿಟ್ಟು ಬಿಟ್ಟು ಹಿಡಿಯಿತು. ಹೊಸ ಟಾರ್ಪಾಲು ಹೊದಿಸಿ, ಗೋಡೆಯ ಜಾಗಕ್ಕೆ ತಡಿಕೆ ಕಟ್ಟಿಸಿ, ಪಕ್ಕದ ಮನೆಯಲ್ಲಿ ಗೂಡು ಬಿಡಿಸುವ ದಿನ ಮತ್ತೆ ಹೋದೆ. ಮೇಷ್ಟ್ರು ಜಗಲಿಯ ಮೇಲೆ ನನಗಾಗಿ ಕಾದಿದ್ದರು.

"ತಮ್ಮಂದಿರು ಫೋನ್ ಮಾಡಿದ್ರು. ಹಿಂದ್ಲ ಗೋಡೆನೇ ಹೋದ್ಮೇಲೆ ಇನ್ನೇನುಳೀತು, ಮನೆ ನಿಲ್ಲಲಿಲ್ಲ ಅಂತಾನೇ ಲೆಕ್ಕ, ಜೆಸಿಬಿ ಕರ್ಸಿ ಅಂತ." ಅವರು ನನ್ನ ಮುಖ ನೋಡಲಿಲ್ಲ. "ಅವ್ರು ಹೇಳೋದೂ ನ್ಯಾಯವೇ ಕಣಮ್ಮ. ಮಾತು ಹಂಗೇ ಆಗಿತ್ತು."

ಗೋಡೆ ಮತ್ತೆ ಕಟ್ಟಬಹುದು, ಬಿದ್ದ ಮಣ್ಣನ್ನೇ ನೆನೆಸಿ ತುಳಿದು ಎತ್ತಬಹುದು ಎಂದು ಹೇಳಲು ಬಾಯಿ ತೆರೆದೆ. ಯಾವಾಗ ಎಂದು ಕೇಳಿದರೆ? ಮಳೆಗಾಲ ಎದುರಿಗೇ ಇತ್ತು. ಚೌಕಾಸಿಗೆ ಕೈಯಲ್ಲಿ ಏನಾದರೂ ಇರಬೇಕು.

ಆಗ ಪಕ್ಕದ ಮನೆಯಾಕೆ ನಮ್ಮನ್ನು ಕೂಗಿದಳು. ಮೊದಲ ಸಲ ಒಳಗೆ ಬನ್ನಿ ಎಂದಳು. ಚಂದ್ರಿಕೆಯಿಂದ ಬಿಡಿಸಿದ ಗೂಡು ನೆಲದ ಮೇಲೆ ಹರಡಿತ್ತು. ಅತ್ತೆ ಕೂತು ಕಸ ಕೀಳುತ್ತಿದ್ದರು. ಅವಳು ಒಂದು ಹಿಡಿ ಗೂಡು ತಂದು ನನ್ನ ಅಂಗೈಗೆ ಸುರಿದಳು.

"ತೆಳುವಾಗೈತಕ್ಕ. ಕಟ್ಟೋ ಹೊತ್ನಲ್ಲೇ ಮಳೆ, ಥಂಡಿ. ಮಾರ್ಕೆಟ್ನಲ್ಲಿ ಮೂಗು ಮುರೀತಾರೆ." ಅತ್ತೆಯ ಕಡೆ ಒಮ್ಮೆ ನೋಡಿ ದನಿ ಏರಿಸಿದಳು. "ಆದ್ರೂ ಕಟ್ಟವೆ. ಒಂದು ಹುಳಕ್ಕೂ ರೋಗ ಬರಲಿಲ್ಲ."

ಅತ್ತೆ ತಲೆ ಎತ್ತಲಿಲ್ಲ. ತೆಲುಗಿನಲ್ಲೇ "ಊಂ, ಕಟ್ಟಾಯಿ" ಎಂದರು. ಹೂಂ, ಕಟ್ಟಿವೆ.

ಅಷ್ಟಕ್ಕೇ ಅವಳ ಮುಖ ಸಡಿಲವಾಯಿತು. ನಾನು ಅಂಗೈಯಲ್ಲಿದ್ದ ಗೂಡನ್ನು ಹಿಸುಕಿ ನೋಡಿದೆ. ನಿಜ, ತೆಳುವೇ. ಒಂದು ಗೋಡೆ ಕೊಟ್ಟು ಕೊಂಡ ಬೆಳೆ ಇಷ್ಟೇನಾ ಎಂದು ಒಳಗೊಳಗೇ ಲೆಕ್ಕ ಹಾಕಿದ್ದು ಸುಳ್ಳಲ್ಲ. ಮೇಷ್ಟ್ರು ನನ್ನ ಕೈಯಿಂದ ಒಂದು ಗೂಡು ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗೂಡು ಪಕ್ವವಾಗಿದ್ದರೆ ಒಳಗಿನ ಕೋಶ ಲಟಲಟ ಎನ್ನುತ್ತದೆ. ಅವರು ಮತ್ತೆ ಅಲ್ಲಾಡಿಸಿದರು, ಇನ್ನೊಂದು ಕಿವಿಗೆ.

"ನಮ್ಮಮ್ಮ ಹಿಂಗೇ ನೋಡೋರು" ಎಂದರು. ಆಮೇಲೆ ಗೂಡನ್ನು ಅತ್ತೆಯ ರಾಶಿಗೆ ಮೆಲ್ಲಗೆ ಸೇರಿಸಿ ನನ್ನ ಕಡೆ ತಿರುಗಿದರು. "ತಮ್ಮಂದಿರಿಗೆ ನಾನು ಹೇಳ್ಕೋತೀನಿ. ಮಾಳಿಗೆ ಇನ್ನೂ ನಿಂತೈತಲ್ಲ. ಉಳಿದ ಮಣ್ಣು ಯಾವಾಗ ಇಳಿಸ್ತೀಯಮ್ಮ? ಇವತ್ತೇ ಶುರು ಮಾಡ್ಬೋದಾ? ಬಿಸಿಲೂ ಬಂದೈತೆ."

ಪಕ್ಕದ ಮನೆಯಾಕೆ ನನ್ನ ಮುಖ ನೋಡಿದಳು. ನಾನು ಬೀದಿಯಾಚೆ ಎಳೆದುಕೊಂಡಿದ್ದ ಎದುರುಮನೆಯ ಬಾಗಿಲು ನೋಡಿದೆ.

"ಇವತ್ತಾಗಲ್ಲ ಮೇಷ್ಟ್ರೇ" ಎಂದೆ. "ಎದುರುಮನೇಲಿ ಹುಳ ಜ್ವರಕ್ಕೆ ಕೂತೈತೆ."